ಅಣ್ಣನ ಹೆಸರಿನಲ್ಲಿ ಐದು ದಿನ

ನನ್ನನ್ನು ಯಾಮಾರಿಸುವುದು ಅಷ್ಟು ಸುಲಭವಲ್ಲ ಎಂದು ಹದಿನಾಲ್ಕು ವರ್ಷ ನಂಬಿಕೊಂಡಿದ್ದೆ. ಪ್ರೈಮರಿ ಶಾಲೆಯ ಟೀಚರಿಗೆ ಬೆನ್ನಲ್ಲೂ ಎರಡು ಕಣ್ಣಿರುತ್ತವೆ. ಬೋರ್ಡಿನ ಕಡೆ ತಿರುಗಿ ಬರೆಯುತ್ತಿರುವಾಗಲೇ ಹಿಂದಿನ ಸಾಲಿನಲ್ಲಿ ಯಾರು ಯಾರ ಜಡೆ ಎಳೆದರು ಅಂತ ಹೇಳಬಲ್ಲೆ. ಹೋಂವರ್ಕ್ ಪುಸ್ತಕವನ್ನು ಮೇಕೆ ತಿಂದುಬಿಟ್ಟಿತು ಅಂದವನ ಮನೆಗೇ ಹೋಗಿ, ಅಲ್ಲಿ ಮೇಕೆಯೇ ಇಲ್ಲವೆಂಬುದನ್ನು ಕಣ್ಣಾರೆ ನೋಡಿಕೊಂಡು ಬಂದವಳು ನಾನು. ಅಂಥ ನನ್ನನ್ನು ಹೋದ ವರ್ಷ ಶಾಲೆ ಶುರುವಾದ ವಾರದಲ್ಲಿ, ಹಲಗೂರಿನಿಂದ ಇನ್ನೂ ಒಳಕ್ಕಿರುವ ಒಂದು ಹಳ್ಳಿಯಲ್ಲಿ, ಆಗತಾನೇ ಐದು ತುಂಬಿದ್ದ ಒಂದು ಹುಡುಗಿ ಐದು ದಿನ ಮಂಗ ಮಾಡಿದಳು. ಅವಳಿಗೆ ಬೇಕಾಗಿದ್ದದ್ದು ಒಂದೇ, ಒಂದನೇ ಕ್ಲಾಸಿನಲ್ಲಿ ಕೂರುವುದು. ಅದಕ್ಕೆ ಇನ್ನೂ ವಯಸ್ಸಾಗಿಲ್ಲ ಅನ್ನುತ್ತದೆ ಸರ್ಕಾರ. ಅವಳು ಕಾಯುವುದಕ್ಕೆ ತಯಾರಿರಲಿಲ್ಲ.

ನಾನು ಮಂಡ್ಯದವಳು. ಅದುವರೆಗೂ ದುದ್ದದ ಕಡೆ ಕೆಲಸ ಮಾಡುತ್ತಿದ್ದವಳಿಗೆ ವರ್ಗವಾಗಿ ಈ ಊರು ಸಿಕ್ಕಿತ್ತು. ಮಂಡ್ಯದಿಂದ ಮಳವಳ್ಳಿಗೆ ಒಂದು ಬಸ್ಸು, ಮಳವಳ್ಳಿಯಿಂದ ಹಲಗೂರಿಗೆ ಇನ್ನೊಂದು ಬಸ್ಸು, ಅಲ್ಲಿಂದ ಆಟೋ. ಆಟೋ ಅಂದರೆ ಹತ್ತು ಜನ, ಎರಡು ಮೂಟೆ ಹಿಂಡಿ, ಒಂದು ಕೋಳಿ. ಶಾಲೆಯಲ್ಲಿ ಒಂದರಿಂದ ಐದನೇ ಕ್ಲಾಸಿನವರೆಗೆ ಎಲ್ಲ ಸೇರಿ ಇಪ್ಪತ್ತೆರಡು ಮಕ್ಕಳು, ಇಬ್ಬರು ಟೀಚರು. ನಾನೊಬ್ಬಳು, ಇನ್ನೊಬ್ಬರು ಹೆಡ್‌ಮಾಸ್ಟರು. ಆ ಊರಿನ ಪ್ರತಿ ಮಗುವಿನ ಜಾತಕ ಅವರಿಗೆ ಗೊತ್ತು. ಆದರೆ ಅವರನ್ನು ಅದೇ ವಾರ ಮಳವಳ್ಳಿಗೆ ತರಬೇತಿಗೆ ಹಾಕಿಬಿಟ್ಟರು.

ಶಾಲೆ ಶುರುವಾಗುವ ಹಿಂದಿನ ದಿನ ಅವರು ಫೋನ್ ಮಾಡಿದರು. ‘ಮೇಡಂ, ಗಾಡಿಗೆ ಹೇಳಿದ್ದೀನಿ, ತಮಟೆಗೆ ಹೇಳಿದ್ದೀನಿ. ಒಂದನೇ ಕ್ಲಾಸಿಗೆ ಸೇರೋ ನಾಲ್ಕು ಮಕ್ಕಳ ಪಟ್ಟಿ ಮೇಜಿನ ಡ್ರಾದಲ್ಲಿದೆ. ನಾಲ್ಕೂ ಮಕ್ಕಳು ಗಾಡಿ ಹತ್ತಬೇಕು. ಒಂದು ಬಿಟ್ಟರೂ ಆ ಮನೆಯವರು ವರ್ಷವೆಲ್ಲ ಮುನಿಸಿಕೊಳ್ತಾರೆ.’

‘ನಾಲ್ಕು ಮಕ್ಕಳನ್ನ ಗಾಡಿ ಹತ್ತಿಸೋದಕ್ಕೆ ಇಷ್ಟು ಹೇಳಬೇಕಾ ಸಾರ್? ನಾನು ನೋಡ್ಕೋತೀನಿ’ ಅಂದೆ. ನನ್ನ ನಾಲಿಗೆಗೆ ಯಾವತ್ತೂ ಲಗಾಮಿಲ್ಲ.

ಶಾಲೆ ಶುರುವಾಗುವ ದಿನ ನಮ್ಮ ಕಡೆ ಹೇಗಿರುತ್ತದೆ ಅಂತ ನೋಡಿದವರಿಗೇ ಗೊತ್ತು. ಬಾಗಿಲಿಗೆ ಮಾವಿನ ತೋರಣ, ಗೇಟಿಗೆ ಬಾಳೆಕಂದು, ಅಂಗಳದ ತುಂಬ ರಂಗೋಲಿ. ಒಂದನೇ ಕ್ಲಾಸಿಗೆ ಬರುವ ಮಕ್ಕಳನ್ನು ಎತ್ತಿನ ಗಾಡಿಯಲ್ಲಿ ಕೂರಿಸಿ, ತಮಟೆ ಬಡಿದುಕೊಂಡು, ಮದುವೆ ಗಂಡಿನ ಹಾಗೆ ಮೆರವಣಿಗೆಯಲ್ಲಿ ತರಬೇಕು. ಬೆಳಗ್ಗೆ ಎಂಟಕ್ಕೇ ಹೋಗಿ ನಾನೂ ಅಡುಗೆಯಕ್ಕನೂ ಗಾಡಿಗೆ ಬಲೂನು ಕಟ್ಟಿದೆವು. ಅಡುಗೆಯಕ್ಕ ಅಂದರೆ ನಮ್ಮ ಬಿಸಿಯೂಟ ಮಾಡುವಾಕೆ. ಅರ್ಧ ಬಲೂನು ಕಟ್ಟುವಾಗಲೇ ಒಡೆದವು. ಬಲಗಡೆಯ ಎತ್ತು ಅಷ್ಟರಲ್ಲಿ ತೋರಣದ ಮಾವಿನೆಲೆಯನ್ನೆಲ್ಲ ಮೇಯ್ದು ಬರೀ ದಾರ ಉಳಿಸಿತ್ತು.

‘ತಿನ್ಲಿ ಬುಡಿ ಮೇಡಮ್ಮ, ಅದಕ್ಕೂ ಇಸ್ಕೂಲು ಸುರುವಾಗದೆ’ ಎಂದು ಗಾಡಿಯವನು ನಕ್ಕ.

ಮೊದಲನೆಯ ಮನೆಯ ಮಗು ಅಳುತ್ತಾ ಗಾಡಿ ಹತ್ತಿತು. ಎರಡನೆಯದು ಹತ್ತಿದ ಮೇಲೆ ಅತ್ತಿತು. ಮೂರನೆಯ ಮನೆಯ ಮುಂದೆ ಒಂದು ಬಲೂನು ಎತ್ತಿನ ಕಿವಿಯ ಪಕ್ಕದಲ್ಲೇ ಢಂ ಅಂದದ್ದೇ ತಡ, ಎತ್ತುಗಳು ಕಿತ್ತುಕೊಂಡು ಓಡಿದವು ನೋಡಿ! ಗಾಡಿಯೊಳಗೆ ಅಳುತ್ತಿದ್ದ ಇಬ್ಬರೂ ಕೇಕೆ ಹಾಕಿ ನಗತೊಡಗಿದರು. ಹಿಂದೆ ತಮಟೆಯವನು ಬಡಿಯುವುದನ್ನೂ ಬಿಡದೆ ಓಡಿದ. ಅವನ ಹಿಂದೆ ಇಡೀ ಶಾಲೆ. ಶಾಲೆಯ ಹಿಂದೆ, ಸೀರೆಯ ನೆರಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡು ನಾನು. ಊರಿಗೆ ಹೊಸ ಟೀಚರ ಮೊದಲ ದರ್ಶನ ಹೀಗಾಯಿತು. ಗಾಡಿ ಹೋಗಿ ನಿಂತದ್ದು ಸರಿಯಾಗಿ ನಾಲ್ಕನೆಯ ಮನೆಯ ಮುಂದೆ. ಮೂರನೆಯ ಮಗುವನ್ನು ಅದರಪ್ಪ ಹೆಗಲ ಮೇಲೆ ಹೊತ್ತು ಅಲ್ಲಿಗೇ ತಂದು ಇಳಿಸಿದ.

ನಾಲ್ಕನೆಯ ಮನೆಯದು ಪಟ್ಟಿಯಲ್ಲಿ ಗಂಡುಮಗು, ವಯಸ್ಸು ಆರು. ರೇಷ್ಮೆ ಸಾಕುವ ಮನೆ. ಬಾಗಿಲಲ್ಲಿ ಹಿಪ್ಪುನೇರಳೆ ಸೊಪ್ಪಿನ ಹೊರೆ ಬಿದ್ದಿತ್ತು. ನಾವು ನಿಂತೆವು, ತಮಟೆ ಬಾರಿಸಿದೆವು, ಯಾರೂ ಬರಲಿಲ್ಲ. ಒಳಗಿಂದ ಏನೋ ಬಿದ್ದ ಸದ್ದು, ಯಾರೋ ಯಾರನ್ನೋ ಗದರಿದ ಸದ್ದು. ಆಮೇಲೆ ಒಂದು ನಿಮಿಷ ಏನೂ ಇಲ್ಲ. ಕೊನೆಗೆ ಅಜ್ಜಿಯೊಬ್ಬಳು ಸೆರಗು ಸರಿಮಾಡಿಕೊಳ್ಳುತ್ತಾ, ಒಂದು ಮಗುವಿನ ಕೈ ಹಿಡಿದುಕೊಂಡು ಹೊರಗೆ ಬಂದಳು. ಹೊಸ ಅಂಗಿ, ಹೊಸ ಚಡ್ಡಿ, ಎರಡೂ ಒಂದಳತೆ ದೊಡ್ಡವು. ನುಣ್ಣಗೆ ಬೋಳಿಸಿದ ತಲೆಯ ಮೇಲೆ ಗಂಧ ಇನ್ನೂ ಒಣಗಿ ಹತ್ತಿಕೊಂಡಿತ್ತು. ಎರಡು ಕಿವಿಗೂ ಹೊಸದಾಗಿ ಚುಚ್ಚಿದ ಚಿನ್ನದ ಚುಕ್ಕಿ. ಹಿಂದಿನ ದಿನವಷ್ಟೇ ಮುತ್ತತ್ತಿಗೆ ಹೋಗಿ ಮುಡಿ ಕೊಟ್ಟು ಬಂದಿದ್ದಾರೆಂದು ಯಾರೂ ಹೇಳಬೇಕಾಗಿರಲಿಲ್ಲ. ನಮ್ಮ ಕಡೆ ಬೇಸಿಗೆ ರಜೆಯಲ್ಲಿ ಹರಕೆ ತೀರಿಸುವವರೇ ಎಲ್ಲ. ಶಾಲೆ ಶುರುವಾದಾಗ ಕ್ಲಾಸಿನಲ್ಲಿ ಎರಡು ಮೂರು ಬೋಳುತಲೆ ಇದ್ದೇ ಇರುತ್ತವೆ.

‘ತಕ್ಕಳಿ ಮೇಡಮ್ಮ, ನಮ್ಮನೆ ಮೊಗ’ ಅಂದಳು ಅಜ್ಜಿ.

ಆಮೇಲೆ ಎಷ್ಟು ಸಲ ಯೋಚಿಸಿದ್ದೇನೆ. ಆ ಮುದುಕಿ ಒಂದೇ ಒಂದು ಸುಳ್ಳು ಹೇಳಲಿಲ್ಲ. ಹೆಸರು ಹೇಳಲಿಲ್ಲ, ಮೊಮ್ಮಗ ಅನ್ನಲಿಲ್ಲ. ನಮ್ಮನೆ ಮಗು ಅಂದಳು, ಅಷ್ಟೆ.

‘ಬಾರಪ್ಪಾ ರಾಜಾ!’ ಅಂದೆ ನಾನು. ಮಗು ಯಾರೂ ಎತ್ತುವ ಮುಂಚೆಯೇ ಚಕ್ರದ ಮೇಲೆ ಕಾಲಿಟ್ಟು ಗಾಡಿ ಹತ್ತಿ, ಮುಂದುಗಡೆ ಜಾಗ ಮಾಡಿಕೊಂಡು ಕೂತಿತು. ಅಳುವಿಲ್ಲ, ಹಟವಿಲ್ಲ. ಹಿಂದಿದ್ದ ದೊಡ್ಡ ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವು. ಶಾಲೆ ಶುರುವಾದ ಸಂಭ್ರಮ ಅಂದುಕೊಂಡೆ, ನನ್ನ ಬುದ್ಧಿಗಿಷ್ಟು!

ಶಾಲೆಯಲ್ಲಿ ಆರತಿ ಎತ್ತಿ, ಗುಲಾಬಿ ಕೊಟ್ಟು, ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಒಬ್ಬೊಬ್ಬರ ಬೆರಳು ಹಿಡಿದು ‘ಅ’ ಬರೆಸಿದೆ. ಬೋಳುತಲೆಯ ಸರದಿ ಬಂದಾಗ ಮಗು ನನ್ನ ಕೈಯನ್ನು ಪಕ್ಕಕ್ಕೆ ತಳ್ಳಿತು. ‘ನಾನೇ ಬರೀತೀನಿ ಮಿಸ್’ ಎಂದು ಹಲ್ಲು ಕಚ್ಚಿ, ಅರ್ಧ ಅಕ್ಕಿಯನ್ನು ನೆಲಕ್ಕೆ ಚೆಲ್ಲಿ, ಒಂದು ‘ಅ’ ಬರೆಯಿತು. ಆ ಕ್ಷಣ ತೆಗೆದ ಫೋಟೋ ಬಹಳ ಚೆನ್ನಾಗಿ ಬಂತು. ಜಂಬದಿಂದ ಅದನ್ನು ನಮ್ಮ ಸುತ್ತಿನ ಶಾಲೆಗಳನ್ನು ನೋಡಿಕೊಳ್ಳುವ ಸಾಹೇಬರಿಗೆ ಕಳಿಸಿದೆ. ಕೆಳಗೆ ಹುಡುಗನ ಹೆಸರನ್ನೂ ಬರೆದೆ. ಅವರು ಅದನ್ನು ಎಲ್ಲ ಟೀಚರುಗಳ ವಾಟ್ಸಾಪ್ ಗುಂಪಿಗೆ ಹಾಕಿ ‘ಇದು ಕಲಿಕೆಯ ಹಸಿವು’ ಎಂದು ಬರೆದರು. ಮೂವತ್ತು ಜನ ಕೈ ಮುಗಿದರು.

ಹೆಡ್‌ಮಾಸ್ಟರು ಇಲ್ಲದ ಕಾರಣ ಐದೂ ಕ್ಲಾಸನ್ನು ಒಂದೇ ಕೋಣೆಯಲ್ಲಿ ಕೂರಿಸಿದ್ದೆ. ಹಾಜರಿ ಕೂಗುತ್ತಾ ಹುಡುಗನ ಹೆಸರಿಗೆ ಬಂದಾಗ ಹೆಂಚು ಹಾರುವ ಹಾಗೆ ಒಂದು ಕೂಗು ಬಂತು.

‘ಬಂದಿವ್ನಿ ಮಿಸ್!’

ಅದರ ಬೆನ್ನಿಗೇ ಇಡೀ ಕೋಣೆ ಕಿಸಕಿಸ. ‘ಏನ್ರೋ ಅದು ನಗು?’ ಎಂದು ಗದರಿದರೆ ಇನ್ನೂ ಜೋರು. ಐದನೇ ಕ್ಲಾಸಿನ ಹುಡುಗಿಯೊಬ್ಬಳಂತೂ ಲಂಗದ ಅಂಚನ್ನು ಬಾಯಿಗೆ ತುರುಕಿಕೊಂಡು ಕೂತಿದ್ದಳು. ಎರಡನೆಯ ದಿನವೂ ಹಾಗೆಯೇ, ಮೂರನೆಯ ದಿನವೂ ಹಾಗೆಯೇ. ಆ ಮಗುವಂತೂ ತನ್ನ ಸರದಿಗೆ ಕಾಯುತ್ತಾ ಮಂಡಿಯೂರಿ ಕೂತಿರುತ್ತಿತ್ತು. ಹಾಜರಿಗೆ ಇಷ್ಟು ಖುಷಿಪಡುವ ಹುಡುಗನನ್ನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ.

ಕಲಿಕೆಯಾದರೂ ಏನು! ನಲಿ-ಕಲಿ ಪದ್ಧತಿಯಲ್ಲಿ ನಾವು ಅ ಆ ಇ ಈ ಯಿಂದ ಶುರು ಮಾಡುವುದಿಲ್ಲ. ರ, ಗ, ಸ, ದ ಇವು ಮೊದಲು ಬರುತ್ತವೆ. ಉಳಿದ ಮೂವರು ‘ರ’ ಬರೆಯುವಲ್ಲೇ ಸ್ಲೇಟನ್ನು ಬೆವರಲ್ಲಿ ಒದ್ದೆ ಮಾಡಿಕೊಂಡು ಕೂತಿರುವಾಗ ಇದು ನಾಲ್ಕು ದಿನಕ್ಕೆ ‘ಸರ’, ‘ರಸ’ ಮುಗಿಸಿ ‘ಗರಗಸ’ಕ್ಕೆ ಬಂದಿತ್ತು. ಸ್ಲೇಟಿನಲ್ಲಿ ಜಾಗ ಸಾಲದೆ ಕೊನೆಯ ‘ಸ’ ತೊಡೆಯ ಮೇಲಿರುತ್ತಿತ್ತು. ಇನ್ನೊಂದು ಗುಣವನ್ನೂ ಗಮನಿಸಿದ್ದೆ. ಒಂದಕ್ಕೆ ಬಿಟ್ಟಾಗ ಉಳಿದ ಗಂಡುಮಕ್ಕಳು ಕಾಂಪೌಂಡಿನ ಗೋಡೆಗೆ ಸಾಲಾಗಿ ನಿಲ್ಲುತ್ತಿದ್ದರೆ, ಇದು ಮಾತ್ರ ಮನೆಗೆ ಓಡಿಹೋಗಿ ಬರುತ್ತಿತ್ತು. ‘ನೋಡ್ರೋ, ಅವನನ್ನ ನೋಡಿ ಕಲೀರಿ. ಎಷ್ಟು ನಾಚಿಕೆ, ಎಷ್ಟು ಶುಚಿ’ ಎಂದು ಎಲ್ಲರ ಮುಂದೆ ಹೊಗಳಿದೆ. ಆವತ್ತು ಕ್ಲಾಸಿನಲ್ಲಿ ನಕ್ಕವರ ಪೈಕಿ ಇಬ್ಬರಿಗೆ ಬಿಕ್ಕಳಿಕೆ ಬಂತು.

ಶುಕ್ರವಾರ ಬೆಳಗ್ಗೆ ಮಳೆ ಹಿಡಿಯಿತು. ಒಂದಕ್ಕೆ ಬಿಟ್ಟ ಎರಡೇ ನಿಮಿಷಕ್ಕೆ ಹಿತ್ತಲ ಕಡೆಯಿಂದ ಕಿರುಚಾಟ. ನೆಂದುಕೊಂಡು ಓಡಿ ಬಂದವಳು ಮೂರನೇ ಕ್ಲಾಸಿನ ಹುಡುಗಿ. ಬೇಸಿಗೆಯೆಲ್ಲ ಮದ್ದೂರಿನಲ್ಲಿ ಅತ್ತೆಯ ಮನೆಯಲ್ಲಿದ್ದು, ಆವತ್ತೇ ಶಾಲೆಗೆ ಬಂದಿದ್ದವಳು.

‘ಮಿಸ್, ಮಿಸ್! ಎಣ್ಣೈಕ್ಳು ಬಾತ್ರೂಮ್ಗೆ ಒಬ್ಬ ಗುಂಡ ಬಂದು ಕುಂತವ್ನೆ!’

ಕೋಲು ಹಿಡಿದುಕೊಂಡು ಹೋದೆ. ಬಾಗಿಲು ತೆರೆಯಿತು. ನನ್ನ ಶಿಸ್ತಿನ ಸಿಪಾಯಿ ಚಡ್ಡಿ ಏರಿಸಿಕೊಳ್ಳುತ್ತಾ ಹೊರಗೆ ಬಂತು. ನಾನು ಅದರ ಕಿವಿಗೆ ಕೈ ಹಾಕಿದೆ. ‘ಏನೋ ಇದು? ನಿನ್ನ ಎಷ್ಟು ಒಳ್ಳೇವ್ನು ಅಂದ್ಕೊಂಡಿದ್ದೆ! ಹೆಣ್ಣುಮಕ್ಕಳ ಬಾತ್ರೂಮಿಗೆ ಹೋಗ್ತೀಯಾ?’

‘ಇನ್ನೆಲ್ಲಿಗೋಗ್ಲಿ ಮಿಸ್?’ ಎಂದು ಅದು ನನ್ನನ್ನೇ ದಬಾಯಿಸಿತು. ‘ನಾನು ಎಣ್ಣುಡ್ಗಿ ಅಲ್ವಾ?’

ಮಳೆ ಸುರಿಯುತ್ತಿತ್ತು. ನನ್ನ ಕೈ ಇನ್ನೂ ಅದರ ಕಿವಿಯ ಮೇಲೇ ಇತ್ತು. ಹಿಂದೆ ತಿರುಗಿ ನೋಡಿದರೆ ಇಡೀ ಶಾಲೆ ಜಗಲಿಯ ಮೇಲೆ ಸಾಲಾಗಿ ನಿಂತಿದೆ, ಈ ಸಲ ಯಾರೂ ನಗುತ್ತಿಲ್ಲ. ಅಡುಗೆಯಕ್ಕ ಸೌಟು ಹಿಡಿದು ಬಾಗಿಲಿಗೆ ಬಂದಳು. ‘ಅಯ್ಯೋ, ನಿಮ್ಗೆ ಗೊತ್ತಿರ್ನಿಲ್ವಾ ಮೇಡಮ್ಮ? ನಾನು ಗೊತ್ತಿದ್ದೇ ಸುಮ್ಕಿದ್ದೀರಿ ಅಂತಿದ್ದೆ. ಇದು ನೀವು ಹೆಸ್ರು ಕೂಗಾ ಹುಡ್ಗನ ತಂಗಿ ಕಣವ್ವ. ಇಬ್ರದ್ದೂ ಒಂದೇ ದಿನ ಮುಡಿ ತೆಗ್ಸವ್ರೆ.’

ಇಡೀ ಊರಿಗೆ ಗೊತ್ತಿತ್ತು! ಗಾಡಿಯವನಿಗೆ ಗೊತ್ತಿತ್ತು. ತಮಟೆಯವನಿಗೆ ಗೊತ್ತಿತ್ತು. ಎತ್ತುಗಳಿಗೂ ಗೊತ್ತಿದ್ದಿರಬೇಕು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಅನ್ನುತ್ತಾರೆ, ನಾನಂತೂ ಹುಡುಕಲೂ ಇಲ್ಲ. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ನಿಲ್ಲಿಸಿ ಕೇಳಿದೆ, ನನಗೆ ಯಾಕೆ ಹೇಳಲಿಲ್ಲ ಅಂತ. ಲಂಗದ ಅಂಚು ತಿನ್ನುವ ಹುಡುಗಿ ಬಾಯಿ ಬಿಟ್ಟಳು. ‘ಅವ್ರಜ್ಜಿ ಎಲ್ರಿಗೂ ಅಲಸಿನ ತೊಳೆ ಕೊಡ್ತು ಮಿಸ್. ಯೋಳ್ಬ್ಯಾಡಿ ಅಂತು.’ ಇವಳು ಹೋಗಬೇಕಾಗಿದ್ದ ಅಂಗನವಾಡಿಯ ಟೀಚರಿಗೆ ಇಡೀ ಹಣ್ಣೇ ಹೋಗಿತ್ತಂತೆ. ಮಂಗಳವಾರ ನನ್ನ ಮೇಜಿನ ಮೇಲೂ ಬಾಳೆಲೆಯಲ್ಲಿ ಎಂಟು ತೊಳೆ ಇದ್ದದ್ದು ಆಗ ನೆನಪಾಯಿತು. ಜೇನಿನಂಥ ಹಣ್ಣು. ಬಾಯಿ ಚಪ್ಪರಿಸಿಕೊಂಡು ತಿಂದಿದ್ದೆ. ಇನ್ನು ಯಾವ ಬಾಯಿಂದ ಬೈಯಲಿ?

ಸಂಜೆ ಶಾಲೆ ಬಿಟ್ಟ ಮೇಲೆ ಅವಳ ಕೈ ಹಿಡಿದುಕೊಂಡು ಆ ಮನೆಗೆ ಹೋದೆ. ದಾರಿಯುದ್ದಕ್ಕೂ ಅಜ್ಜಿಗೆ ಏನೇನು ಅನ್ನಬೇಕೆಂದು ಹಲ್ಲು ಕಡಿಯುತ್ತಲೇ ಹೋದೆ. ಅಜ್ಜಿ ಜಗಲಿಯ ಮೇಲೆ ಸೊಪ್ಪು ಕತ್ತರಿಸುತ್ತಾ ಕೂತಿದ್ದಳು. ನನ್ನನ್ನು ನೋಡಿ ಒಂದಿಷ್ಟೂ ಗಾಬರಿಯಾಗಲಿಲ್ಲ.

‘ಬನ್ನಿ ತಾಯಿ. ಗೊತ್ತಾಯ್ತಾ?’ ಅಂದಳು.

‘ಗೊತ್ತಾಯ್ತಾ ಅಂತ ನನ್ನೇ ಕೇಳ್ತೀರಲ್ಲ! ಯಾಕಜ್ಜಿ ಹಿಂಗೆ ಮಾಡಿದ್ರಿ?’

‘ಇನ್ನೇನವ್ವ ಮಾಡಾನ? ತಮಟೆ ಬಂದು ಬಾಗ್ಲಲ್ಲಿ ನಿಂತದೆ. ಇವ್ನು ನೋಡುದ್ರೆ ಚಂದ್ರಿಕೆ ಸಂದೀಲಿ ಸೇರ್ಕಂಡು ಬರಕಿಲ್ಲ ಅಂತವ್ನೆ. ಸಿಂಗಾರ ಮಾಡ್ಕಂಡು ಬಂದ ಗಾಡೀನ ಬರೀದಾಗಿ ತಿರುಗ್ಸಿ ಕಳ್ಸಾರಾ? ಮನೆಗೆ ಒಳ್ಳೇದಾದದಾ? ಈ ಮುಂಡೇದು ಅಣ್ಣನ ಅಂಗಿ ಇಕ್ಕಂಡು ಕನ್ನಡಿ ನೋಡ್ಕತಾ ನಿಂತಿತ್ತು. ಹತ್ಸುಬುಟ್ಟೆ. ನಾಳೀಕೆ ಅವನ್ನ ಕಳ್ಸಾನ ಅಂದ್ಕಂಡೆ. ನಾಳೀಕೆ ಅವ್ನು ಬರ್ನಿಲ್ಲ, ಇವ್ಳು ಬುಡ್ನಿಲ್ಲ.’

ಚಂದ್ರಿಕೆ ಅಂದರೆ ರೇಷ್ಮೆಹುಳು ಗೂಡು ಕಟ್ಟಲು ಬಿಡುವ ಬಿದಿರಿನ ದೊಡ್ಡ ತಟ್ಟೆ. ಒಳಗೆ ಅವನ್ನು ಗೋಡೆಗೆ ಸಾಲಾಗಿ ಒರಗಿಸಿಟ್ಟಿದ್ದರು. ಬಗ್ಗಿ ನೋಡಿದರೆ ಅವುಗಳ ಹಿಂದೆ ಇನ್ನೊಂದು ಬೋಳುತಲೆ, ಅದೇ ಕಿವಿ, ಅದೇ ಮೂಗು. ಕಣ್ಣು ಮಾತ್ರ ಬೇರೆ. ನನ್ನನ್ನು ನೋಡಿದೊಡನೆ ಎರಡೂ ಕೈಯಿಂದ ತೊಡೆ ಮುಚ್ಚಿಕೊಂಡ. ಅಪ್ಪ ಮದ್ದೂರಿನಲ್ಲಿ ಗೂಡ್ಸ್ ಆಟೋ ಓಡಿಸುತ್ತಾನೆ, ಅಮ್ಮ ಅಲ್ಲೇ ಗಾರ್ಮೆಂಟ್ಸಿಗೆ ಹೋಗುತ್ತಾಳೆ, ಮಕ್ಕಳು ಅಜ್ಜಿಯ ಹತ್ತಿರ. ಇಷ್ಟೆಲ್ಲ ಹೇಳಿದವಳು ತಂಗಿ. ಅಣ್ಣ ತುಟಿ ಬಿಚ್ಚಲಿಲ್ಲ.

‘ಯಾಕಪ್ಪಾ, ಶಾಲೆಗೆ ಯಾಕೆ ಬರಲ್ಲ?’

ಅವನ ಪರವಾಗಿ ಅವಳೇ ಹೇಳಿದಳು. ‘ಇಸ್ಕೂಲ್ಗೋದ್ರೆ ಮಿಸ್ಸು ತೊಡೆ ಸಂದು ಇಂಡ್ತಾರೆ ಅಂತ ಅಜ್ಜಿ ಯೋಳೈತೆ ಮಿಸ್. ಇಂಡಕಿಲ್ಲ ಕಣ್ಲಾ ಅಂತ ನಾ ದಿನಾ ಯೋಳ್ತೀನಿ. ನಂಬಕಿಲ್ಲ ಇವ್ನು.’

ನನಗೆ ಮೈಯೆಲ್ಲ ಉರಿಯಿತು. ಮಕ್ಕಳು ಉಣ್ಣದಿದ್ದರೂ ಟೀಚರು, ಮಲಗದಿದ್ದರೂ ಟೀಚರು, ಮಣ್ಣಲ್ಲಿ ಆಡಿದರೂ ಟೀಚರು. ಎರಡು ವರ್ಷ ನಮ್ಮನ್ನು ಗುಮ್ಮ ಮಾಡಿಟ್ಟು, ಆಮೇಲೆ ಒಂದು ದಿನ ತಮಟೆ ಬಡಿಸಿ ಆ ಗುಮ್ಮನ ಕೈಗೇ ಕೊಡುತ್ತಾರೆ. ಅದನ್ನೇ ಅಜ್ಜಿಗೆ ಹೇಳಿದೆ, ಇನ್ನೂ ಸ್ವಲ್ಪ ಜೋರಾಗಿಯೇ ಹೇಳಿದೆ. ಅಜ್ಜಿ ತಲೆ ತಗ್ಗಿಸಿ ಸೊಪ್ಪು ಕತ್ತರಿಸಿದಳು. ‘ತಪ್ಪಾಯ್ತು ಬುಡಿ. ಒಂದು ಮನೇಲಿ ಒಂದು ಮೊಗ ತಾನೇ ನಿಮ್ಗೆ ಬೇಕಾದ್ದು. ಯಾವ್ದಾದ್ರೇನು ಅಂದ್ಕಂಡೆ.’

‘ಹಾಗಾಗಲ್ಲ ಅಜ್ಜಿ. ನಾಳೆ ಅವನು ಬರಬೇಕು. ಇವಳು ಅಂಗನವಾಡಿಗೆ ಹೋಗಬೇಕು. ಶಾಲೆಗೆ ಸೇರೋ ವಯಸ್ಸು ಇವಳಿಗಾಗಿಲ್ಲ.’

ಅಲ್ಲಿಯವರೆಗೆ ಚಟಪಟ ಅನ್ನುತ್ತಿದ್ದ ಹುಡುಗಿ ಒಂದು ಹೆಜ್ಜೆ ಹಿಂದಕ್ಕೆ ಸರಿದಳು. ನನ್ನ ಕೈಯಿಂದ ತನ್ನ ಕೈ ಬಿಡಿಸಿಕೊಂಡಳು. ‘ನಾ ಓಗಕಿಲ್ಲ. ಅಲ್ಲಿ ಬರೀ ಮಲ್ಗುಸ್ತಾರೆ’ ಅಂದಳು. ಆಮೇಲೆ ಅಂಗಿಯ ತುದಿಯಿಂದ ಮೂಗು ಒರೆಸಿಕೊಂಡಳು. ‘ನಾನೇನ್ ತಪ್ ಮಾಡ್ದೆ ಮಿಸ್? ದಿನಾ ಬಂದಿವ್ನಿ. ಒಂದಿನಾನೂ ಬುಟ್ಟಿಲ್ಲ.’

ಆಟೋ ತಪ್ಪಿಹೋಗುತ್ತೆ ಅಂತ ನೆಪ ಹೇಳಿ ಹೊರಟುಬಂದೆ.

ಶನಿವಾರ ಬೆಳಗಿನ ಶಾಲೆ. ಎಂಟು ಗಂಟೆಗೆ ಗೇಟಿನಲ್ಲಿ ಎರಡು ಬೋಳುತಲೆ ಕಂಡವು. ತಂಗಿ ಅಣ್ಣನನ್ನು ಕೈ ಹಿಡಿದು ಎಳೆದುಕೊಂಡು ಬರುತ್ತಿದ್ದಳು, ಅಜ್ಜಿ ಹಿಂದಿನಿಂದ ಮೆಲ್ಲಗೆ ತಳ್ಳುತ್ತಿದ್ದಳು. ಹೊಸ ಅಂಗಿ ಚಡ್ಡಿ ಅಣ್ಣನ ಮೈಗೆ ವಾಪಸಾಗಿದ್ದವು. ತಂಗಿ ಅವನದೇ ಹಳೆಯ ಅಂಗಿ ತೊಟ್ಟಿದ್ದಳು. ಬಾಗಿಲಿಗೆ ಬಂದು ಅವನಿಗೆ ಎಲ್ಲವನ್ನೂ ಒಪ್ಪಿಸಿದಳು. ‘ಇಲ್ಲಿ ಕುಂತ್ಕ. ಇದು ನನ್ ಸ್ಲೇಟು, ಒಡೀಬ್ಯಾಡ. ಅಡುಗೆಯಕ್ಕ ಮೊಟ್ಟೆ ಕೊಟ್ರೆ ದೊಡ್ಡದು ಕೇಳು.’ ಅಷ್ಟು ಹೇಳಿ ಹೊರಡಲು ತಿರುಗಿದರೆ ಅವನು ಅವಳ ಅಂಗಿಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಬಿಡಲೊಲ್ಲ. ಇವತ್ತೊಂದು ದಿನ ಇರಲಿ ಅಂದುಕೊಂಡು ಇಬ್ಬರನ್ನೂ ಜೊತೆಗೆ ಕೂರಿಸಿದೆ.

ಆಗಲೇ ಹೊರಗೆ ಬೈಕು ನಿಂತಿತು. ಸಾಹೇಬರು! ಮುಂಚೆ ಹೇಳದೆ ಬರುವುದು ಅವರ ಅಭ್ಯಾಸ.

‘ಎಲ್ಲಿ ಮೇಡಂ ನಿಮ್ಮ ಫೋಟೋ ಹುಡುಗ?’ ಎಂದು ಫೋನು ಹಿಡಿದುಕೊಂಡೇ ಒಳಗೆ ಬಂದರು. ಹುಡುಗನ ಹೆಸರು ಅವರಿಗೆ ಬಾಯಿಪಾಠವಾಗಿತ್ತು. ಅದನ್ನೇ ಕರೆದರು. ಅಣ್ಣ ಎರಡೂ ಕೈಯಿಂದ ತೊಡೆ ಮುಚ್ಚಿಕೊಂಡು ನೆಲ ನೋಡಿದ. ಐದು ದಿನದ ಅಭ್ಯಾಸ ನೋಡಿ, ತಂಗಿ ಧಡಕ್ಕನೆ ಎದ್ದು ನಿಂತಳು.

‘ಇವನೇ ಇವನೇ!’ ಎಂದು ಸಾಹೇಬರು ಫೋಟೋವನ್ನೂ ಅವಳ ಮುಖವನ್ನೂ ನೋಡಿ ಹಿಗ್ಗಿದರು. ‘ಬಾ ಮರಿ, ಬೋರ್ಡಿನ ಮೇಲೆ ಏನಾದ್ರೂ ಬರಿ.’

ಅವಳು ಹೋದಳು. ಎಟುಕದಿದ್ದಕ್ಕೆ ನನ್ನ ಕುರ್ಚಿಯನ್ನೇ ಎಳೆದು ಹತ್ತಿ, ‘ಗರಗಸ’ ಎಂದು ಬರೆದಳು. ಬೋರ್ಡಿನಲ್ಲಿ ಜಾಗ ಧಾರಾಳವಾಗಿತ್ತು, ನಾಲ್ಕೂ ಅಕ್ಷರ ಹಿಡಿದವು. ಸಾಹೇಬರು ಚಪ್ಪಾಳೆ ತಟ್ಟಿದರು. ‘ಶಭಾಷ್! ಜೋರಾಗಿ ಹೇಳು ನೋಡೋಣ, ಏನಪ್ಪಾ ನಿನ್ನ ಹೆಸರು?’

ಅವಳು ಬಾಯಿ ತೆರೆದಳು, ಮುಚ್ಚಿದಳು. ಅಣ್ಣನನ್ನು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ಸಾಹೇಬರು ಅಲ್ಲಿ ಇಲ್ಲವೇನೋ ಅನ್ನುವ ಹಾಗೆ ನನ್ನನ್ನೇ ಕೇಳಿದಳು.

‘ಯಾರ್ದು ಯೋಳ್ಲಿ ಮಿಸ್? ಅವಂದಾ, ನಂದಾ?’

ಅವಂದೇ ಹೇಳು ಅಂದರೆ ಮುಗಿದುಹೋಗುತ್ತಿತ್ತು. ಸಾಹೇಬರು ಖುಷಿಯಾಗಿ ಹೋಗುತ್ತಿದ್ದರು, ನನ್ನ ಮಾನ ಉಳಿಯುತ್ತಿತ್ತು, ಫೋಟೋಗೆ ಇನ್ನೂ ಮೂವತ್ತು ಜನ ಕೈ ಮುಗಿಯುತ್ತಿದ್ದರು. ಹಾಗೆಯೇ ಮಾಡೋಣ ಅಂತ ನನಗೆ ಅನ್ನಿಸಿತು ಕೂಡ. ಆದರೆ ಅವಳು ಕುರ್ಚಿಯ ಮೇಲೆ ನಿಂತು, ಕೈಯೆಲ್ಲ ಸೀಮೆಸುಣ್ಣ ಮಾಡಿಕೊಂಡು, ನಾನು ಹೇಳಿದ್ದೇ ಸತ್ಯ ಅನ್ನುವ ಹಾಗೆ ಕಾಯುತ್ತಿದ್ದಳು.

‘ನಿಂದೇ ಹೇಳವ್ವ’ ಅಂದೆ.

ಹೇಳಿದಳು. ಐದು ದಿನ ಹೆಂಚು ಹಾರಿಸಿದ ಗಂಟಲು ಅದೇನಾ ಅನ್ನಿಸಿತು, ಸಾಹೇಬರು ಕಿವಿ ಹತ್ತಿರ ತಂದು ಕೇಳಿಸಿಕೊಳ್ಳಬೇಕಾಯಿತು.

ಆಮೇಲೆ ಅವರನ್ನು ಜಗಲಿಗೆ ಕರೆದುಕೊಂಡು ಹೋಗಿ ಬಲೂನಿನಿಂದ ಹಲಸಿನ ಹಣ್ಣಿನವರೆಗೆ ಎಲ್ಲವನ್ನೂ ಹೇಳ ಹೊರಟೆ. ಅವರ ಮುಖ ಮೊದಲು ಕೆಂಪಾಯಿತು. ‘ಮೇಡಂ, ಹೆಣ್ಣೋ ಗಂಡೋ ಗೊತ್ತಾಗ್ಲಿಲ್ವೇನ್ರೀ ನಿಮಗೆ, ಐದು ದಿನ?’ ಅಂದರು. ಎಂಟು ತೊಳೆ ನಾನೂ ತಿಂದೆ ಸಾರ್ ಅನ್ನುವ ಹೊತ್ತಿಗೆ ಅವರು ಕಂಬ ಹಿಡಿದುಕೊಂಡು ನಗುತ್ತಿದ್ದರು. ನಗು ನಿಂತ ಮೇಲೆ ಕನ್ನಡಕ ಒರೆಸಿಕೊಂಡು ಹೇಳಿದರು. ‘ಹಾಜರಿಯಲ್ಲಿ ಐದು ದಿನದ್ದು ಸರಿಮಾಡಿ. ಪುಸ್ತಕದಲ್ಲಿ ಇವಳ ಹೆಸರು ಬರೆಯೋಕ್ಕಾಗಲ್ಲ, ನಾನೂ ಬರೆಸೋಕ್ಕಾಗಲ್ಲ. ವಯಸ್ಸಾಗಲಿ, ಆಗ ನೋಡೋಣ. ಅಲ್ಲೀವರೆಗೆ ಅಣ್ಣನ ಜೊತೆಗೆ ಬಂದು ಕೂತ್ಕೊಂಡ್ರೆ ನಾನೇನೂ ನೋಡಿಲ್ಲ.’

ಸೋಮವಾರ ಇಬ್ಬರೂ ಬಂದರು. ಹೆಡ್‌ಮಾಸ್ಟರ ತರಬೇತಿ ಇನ್ನೂ ಮುಗಿದಿರಲಿಲ್ಲ. ಹಾಜರಿ ಪುಸ್ತಕ ತೆರೆದೆ. ಅಣ್ಣನ ಹೆಸರು ಬಂದಾಗ ಅವಳು ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡು ಅವನನ್ನು ಮೊಣಕೈಯಿಂದ ತಿವಿದಳು. ಅವನು ತಲೆ ಎತ್ತಲಿಲ್ಲ, ಒಂದು ಬೆರಳು ಎತ್ತಿದ. ಅಷ್ಟು ಸಾಕು ಅಂದುಕೊಂಡು ಗುರುತು ಹಾಕಿದೆ. ಎರಡನೇ ಕ್ಲಾಸು, ಮೂರನೇ ಕ್ಲಾಸು, ಹೀಗೆ ಐದನೇ ಕ್ಲಾಸಿನ ಕೊನೆಯ ಹೆಸರಿನವರೆಗೂ ಅವಳು ಮಂಡಿಯೂರಿಕೊಂಡೇ ಕೂತಿದ್ದಳು. ಪುಸ್ತಕ ಮುಚ್ಚಿದೆ. ಮೆಲ್ಲಗೆ ಕೆಳಗೆ ಕೂತು ಸ್ಲೇಟು ಹುಡುಕತೊಡಗಿದಳು.

ಮುಚ್ಚಿದ ಪುಸ್ತಕದ ಮೇಲೆ ಕೈಯಿಟ್ಟುಕೊಂಡು ನಾನು ಅವಳ ಹೆಸರು ಕೂಗಿದೆ.

ಅವಳು ಆ ಕಡೆ ಈ ಕಡೆ ನೋಡಿದಳು, ಆ ಹೆಸರಿನವರು ಇನ್ಯಾರೋ ಇದ್ದಾರೇನೋ ಅನ್ನುವ ಹಾಗೆ. ಇನ್ನೊಮ್ಮೆ ಕೂಗಿದೆ. ಆಗ ಅಣ್ಣ ತೊಡೆಯ ಮೇಲಿನ ಕೈ ತೆಗೆದು ಅವಳ ಬೆನ್ನಿಗೊಂದು ಗುದ್ದಿದ. ಅವನ ದನಿಯನ್ನು ನಾನು ಕೇಳಿದ್ದು ಅದೇ ಮೊದಲು.

‘ಲೇ, ನಿನ್ನೇ ಕಣೇ ಕೂಗ್ತಿರಾದು!’

‘ಬಂದಿವ್ನಿ ಮಿಸ್!’ ಅಂದಳು. ಅಡುಗೆಮನೆಯಲ್ಲಿ ಅಡುಗೆಯಕ್ಕನ ಕೈಯಿಂದ ಪಾತ್ರೆ ಜಾರಿ ಬಿತ್ತು.